ಹೆಸರು ನೋಡಿ ಮುಚ್ಚುವ ಬಾಗಿಲು, ನಮ್ಮ ಅಂಗಡಿಯ ಬಾಗಿಲು

ಡಿಗ್ರಿ ಮುಗಿಸಿದ ಮಕ್ಕಳು ಹತ್ತಾರು ಕಡೆ ಅರ್ಜಿ ಹಾಕುತ್ತಾರೆ. ಕರೆ ಬರುವುದಿಲ್ಲ. 'ಹೆಸರು ನೋಡಿಯೇ ಬಿಟ್ಟಿರಬೇಕು' ಎನ್ನುವ ಮಾತು ತಲಪಾಡಿಯ ಆಚೆಗೂ ಈಚೆಗೂ ನಮ್ಮ ಮನೆಗಳಲ್ಲಿ ಹಳೆಯದಾಯಿತು. ಇದು ಬರೀ ಸಂಶಯವೋ, ಲೆಕ್ಕಕ್ಕೆ ಸಿಗುವ ಸತ್ಯವೋ?

ಲೆಕ್ಕ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪೆನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಕಳಿಸಿದ್ದರು, ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿಯ ಹಿಂದೂ ಹೆಸರಿಗೆ ಕರೆ ಬರುವ ಸಾಧ್ಯತೆ 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. 2022ರಲ್ಲಿ ಲೆಡ್‌ಬೈ ಫೌಂಡೇಶನ್ ಹಬೀಬಾ ಅಲಿ, ಪ್ರಿಯಾಂಕಾ ಶರ್ಮಾ ಎಂಬ ಎರಡು ಕಲ್ಪಿತ ಹೆಸರುಗಳಲ್ಲಿ ತಲಾ 1,000 ಅರ್ಜಿ ಹಾಕಿತು. ಪ್ರಿಯಾಂಕಾಗೆ 208 ಒಳ್ಳೆಯ ಉತ್ತರ, ಹಬೀಬಾಗೆ 103. ಅರ್ಹತೆ ಒಂದೇ, ಉತ್ತರ ಅರ್ಧ.

ಇವರೆಲ್ಲ ದ್ವೇಷ ಇಟ್ಟುಕೊಂಡೇ ಅರ್ಜಿ ಬದಿಗಿಟ್ಟರು ಎನ್ನಲಾಗದು. ಕೆಲವರಿಗೆ ದ್ವೇಷ ಇದ್ದೀತು. ಆದರೆ ರಾಶಿ ಅರ್ಜಿಯ ಮುಂದೆ ಕೂತವನ ಮನಸ್ಸು ಅಡ್ಡದಾರಿ ಹಿಡಿಯುತ್ತದೆ. ಪರಿಚಿತ ಹೆಸರು, ಪರಿಚಿತ ಕಾಲೇಜು, ಪರಿಚಿತ ಉಡುಪು ಕಂಡರೆ 'ಇವರು ನಮ್ಮಲ್ಲಿ ಹೊಂದಿಕೊಳ್ತಾರೆ' ಅನಿಸಿಬಿಡುತ್ತದೆ. ತಾನು ಪಕ್ಷಪಾತ ಮಾಡಿದೆ ಎಂದು ಅವನಿಗೇ ಗೊತ್ತಾಗುವುದಿಲ್ಲ. ಅರಿವಿಲ್ಲದ ಪೂರ್ವಗ್ರಹ ಅಂದರೆ ಇದೇ. ಅರಿವಿಲ್ಲ ಎಂದ ಮಾತ್ರಕ್ಕೆ ಕೆಲಸ ತಪ್ಪಿದವನ ನಷ್ಟ ಕಡಿಮೆಯಾಗುವುದಿಲ್ಲ.

ಕಾನೂನಿನಲ್ಲೂ ಸಂದು ಇದೆ. ಸಂವಿಧಾನದ 16ನೇ ವಿಧಿ ಸಮಾನ ಅವಕಾಶದ ಭರವಸೆ ಕೊಡುವುದು ಸರಕಾರಿ ಉದ್ಯೋಗಕ್ಕೆ. ಖಾಸಗಿ ನೇಮಕಾತಿಯಲ್ಲಿ ಧರ್ಮದ ಹೆಸರಿನ ತಾರತಮ್ಯ ತಡೆಯಲು ಸಮಗ್ರ ಕಾನೂನು ಇಲ್ಲ. ಸಾಚಾರ್ ಸಮಿತಿ 2006ರಲ್ಲೇ ಸಮಾನ ಅವಕಾಶ ಆಯೋಗ ಬೇಕು ಎಂದಿತ್ತು. ಆ ಬೇಡಿಕೆಯನ್ನು ನಾವು ಬಿಡಬಾರದು.

ಇನ್ನು ನಮ್ಮ ಕಡೆಗೂ ನೋಡುವ. ಬಟ್ಟೆ ಅಂಗಡಿ, ಹೋಟೆಲು, ಮೀನಿನ ವ್ಯಾಪಾರ, ಹಾರ್ಡ್‌ವೇರ್ ಎಂದು ನಮ್ಮವರೂ ನೂರಾರು ಜನರಿಗೆ ಕೆಲಸ ಕೊಡುವವರು. ಅಲ್ಲಿ ಆಳು ಸಿಗುವುದು ಹೇಗೆ? ಭಾವನ ಮಗ, ಜಮಾಅತಿನ ಹುಡುಗ. ಬಿ.ಕಾಂ. ಓದಿದ ನಮ್ಮದೇ ಹೆಣ್ಣುಮಕ್ಕಳನ್ನು ಲೆಕ್ಕ ಬರೆಯಲು ಕೂರಿಸುವವರು ಎಷ್ಟು ಮಂದಿ? ಬಿಹಾರ, ಬಂಗಾಳದಿಂದ ಬಂದ ಕೆಲಸದವನನ್ನು ಹೆಸರು ಹಿಡಿದು ಕರೆಯುವವರು ಎಷ್ಟು? 'ಭಯ್ಯಾ' ಅಂದರೆ ಮುಗಿಯಿತು. ಗಲ್ಫಿನಲ್ಲಿ ಪಾಸ್‌ಪೋರ್ಟ್ ನೋಡಿ ಸಂಬಳ ನಿಗದಿಯಾದಾಗ ನಮಗೆ ನೋವಾಗುತ್ತದಲ್ಲ, ಆ ನೋವು ಇಲ್ಲಿಯೂ ನೆನಪಾಗಬೇಕು.

ದಾರಿ ಕಷ್ಟದ್ದಲ್ಲ, ಖರ್ಚಿನದ್ದೂ ಅಲ್ಲ. ಕೆಲಸಕ್ಕೆ ಏನು ಬೇಕು ಎಂದು ಮೊದಲೇ ಬರೆದಿಡಿ. ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳಿ. ಲೆಕ್ಕದ ಕೆಲಸವಾದರೆ ಎಲ್ಲರಿಗೂ ಅದೇ ಹತ್ತು ಬಿಲ್ಲು ಕೊಟ್ಟು ಬರೆಸಿ, ಹೆಸರು ಮುಚ್ಚಿ ತಪ್ಪು ಎಣಿಸಿ. ಬೇಡ ಅಂದದ್ದು ಯಾಕೆ ಎಂದು ಒಂದು ಸಾಲು ಬರೆಯಿರಿ. ಬರೆಯಲು ಕಾರಣ ಸಿಗದಿದ್ದರೆ ಇನ್ನೊಮ್ಮೆ ಯೋಚಿಸಿ. ಕೆಲಸಕ್ಕೆ ಸೇರಿಸಿದ ಮೇಲೆ ರಜೆ, ನಮಾಝ್, ಹಬ್ಬ, ಶೌಚಾಲಯದ ವ್ಯವಸ್ಥೆ ಎಲ್ಲರಿಗೂ ಒಂದೇ ನ್ಯಾಯದಲ್ಲಿರಲಿ.

ಯುವಕರಿಗೊಂದು ಮಾತು: ಹೆಸರು ಬದಲಿಸಬೇಡಿ, ಅರ್ಜಿ ನಿಲ್ಲಿಸಲೂ ಬೇಡಿ. 103 ಕಡೆಯಿಂದ ಹಬೀಬಾಗೂ ಉತ್ತರ ಬಂದಿದೆ. ಉಳಿದ ಬಾಗಿಲುಗಳಿಗಾಗಿ ನ್ಯಾಯ ಕೇಳುವ ನಮ್ಮ ದನಿ ಗಟ್ಟಿಯಾಗುವುದು ನಮ್ಮ ಅಂಗಡಿಯ ಬಾಗಿಲು ತೆರೆದಿದ್ದಾಗ ಮಾತ್ರ.