ಮೋಡೆಮು ಮಂದವಾದಾಗ
2000ದ ಸುಮಾರಿಗೆ ಇಳಕಲ್ಲಿನಿಂದ ಸೀರೆಯ ಸೆರಗಿನ ಚಿತ್ರವೊಂದನ್ನು ದೂರವಾಣಿಯ ತಂತಿಯ ಮೂಲಕ ಕಳುಹುವುದೆಂದರೆ ಕರೆಯ ವೆಚ್ಚದ ಮಾತಾಗಿತ್ತು. ಒಂದು ಮೆಗಾಬೈಟಿನ ಚಿತ್ರಕ್ಕೆ 33.6 ಕಿಲೋಬಿಟ್ ವೇಗದಲ್ಲಿ ಸುಮಾರು ನಾಲ್ಕು ನಿಮಿಷ ಸಾಕು; ವೇಗವು 9.6ಕ್ಕೆ ಇಳಿದರೆ ಸುಮಾರು 14 ನಿಮಿಷ! ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದ್ದರಂತೂ ಅಪವಾದವೆಲ್ಲ ಅದರ ತಲೆಗೆ. ಪರದೆಯಲ್ಲಿ 115200 ಎಂದು ಕಂಡು ಹಿಗ್ಗುವವರೂ ಇದ್ದರು. ಅದು ಗಣಕಕ್ಕೂ ಮೋಡೆಮಿಗೂ ನಡುವಣ ವೇಗ, ತಂತಿಯದಲ್ಲ. ಬಲ್ಲವರು ಮೊದಲು ರಿಸೀವರನ್ನೆತ್ತಿ ಕಿವಿಗೊಡುತ್ತಿದ್ದರು. ಕರಕರ ಸದ್ದು ಕೇಳಿಸಿದರೆ ಲಿನಕ್ಸ್ ನಿರಪರಾಧಿ: ಒಳಮನೆಯ ಎರಡನೆಯ ಫೋನನ್ನು ಬಿಚ್ಚಿ, ತಂತಿಯ ಜೋಡಣೆಗಳಿಗೆ ತೇವವೋ ಕಿಲುಬೋ ಹಿಡಿದಿದೆಯೇ ಎಂದು ನೋಡುತ್ತಿದ್ದರು. ಸದ್ದಿಲ್ಲದಿದ್ದರೆ ಮಾತ್ರ ಡ್ರೈವರನ್ನು ಶಂಕಿಸುವುದು ನ್ಯಾಯ. ಲ್ಯಾಪ್‌ಟಾಪಿನೊಳಗಣ ಅಗ್ಗದ ಮೋಡೆಮುಗಳು ತಮ್ಮ ಕೆಲಸದ ಬಹುಭಾಗವನ್ನು ವಿಂಡೋಸಿನ ತಂತ್ರಾಂಶಕ್ಕೆ ಒಪ್ಪಿಸಿದ್ದವು. ಲಿನಕ್ಸಿಗೆ ಅಂಥದು ದೊರೆಯುವುದು ದುರ್ಲಭವಾಗಿತ್ತು. ಹೊರಗಿಟ್ಟು ಸೀರಿಯಲ್ ತಂತಿಯಿಂದ ಜೋಡಿಸುವ ಮೋಡೆಮಿಗೆ ಈ ಕಾಟವಿರಲಿಲ್ಲ.