ಮಾರಾಟಕ್ಕಿಲ್ಲದ ಮನೆಯ ಬಾಗಿಲಲ್ಲಿ

ಓದುಗ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮನೆಗೆ ತಾಗಿಕೊಂಡೇ ಇರುವ ಹೆಂಚಿನ ಮನೆಯೊಂದಕ್ಕೆ ನಾಲ್ಕು ವರ್ಷಗಳಿಂದ ಬೀಗ ಬಿದ್ದಿದೆ. ಮಾಲೀಕರು ಗಲ್ಫ್‌ನಲ್ಲಿದ್ದಾರೆ. ಮನೆ ಮಾರಾಟಕ್ಕಿದೆ ಎಂದು ಯಾರೂ ಹೇಳಿಲ್ಲ, ಗೇಟಿನಲ್ಲಿ ಬೋರ್ಡೂ ಇಲ್ಲ. ಆದರೆ ಇವರ ಮಕ್ಕಳು ದೊಡ್ಡವರಾಗುತ್ತಿದ್ದಾರೆ, ಅತ್ತೆಯವರಿಗೊಂದು ಪ್ರತ್ಯೇಕ ಕೋಣೆ ಬೇಕು. ಆ ಮನೆ ಸಿಕ್ಕಿದರೆ ಎಷ್ಟು ಚೆನ್ನಾಗಿತ್ತು ಎಂಬ ಆಸೆ. "ಮಾರದ ಮನೆಯನ್ನು ಕೇಳುವುದು ತಪ್ಪೇ? ಕೇಳುವುದಾದರೆ ಹೇಗೆ ಕೇಳಬೇಕು?" ಎಂಬುದು ಅವರ ಪ್ರಶ್ನೆ.

ಪತ್ರ ಓದಿ ಮುಗಿಸಿದಾಗ ನನ್ನ ಮುಖ ಬಿಸಿಯಾಯಿತು. ಏಕೆಂದರೆ ನಾನೂ ಒಮ್ಮೆ ಹಾಗೆ ಕೇಳಿದ್ದೇನೆ, ಬಹಳ ಕೆಟ್ಟದಾಗಿ ಕೇಳಿದ್ದೇನೆ.

2018ರ ಮಾತು. ನಮ್ಮದು ಎರಡು ಕೋಣೆಯ ಮನೆ. ಹಿಂಬದಿಯಲ್ಲಿ ವಯಸ್ಸಾದ ದಂಪತಿಯ ಮನೆ. ಅಗಲವಾದ ಜಗಲಿ, ಬೇಸಿಗೆಯಲ್ಲೂ ಬತ್ತದ ಬಾವಿ, ಒಂದು ಹಲಸಿನ ಮರ. ಅವರಿಗೆ ಇಬ್ಬರು ಗಂಡು ಮಕ್ಕಳು, ಒಬ್ಬಳು ಮಗಳು. ಮೂವರೂ ಬೇರೆ ಬೇರೆ ಊರುಗಳಲ್ಲಿ. ಆ ವರ್ಷ ಮಳೆಗಾಲದಲ್ಲಿ ಚಾಚಾ ತೀರಿಕೊಂಡರು. ಅಲ್ಲಾಹನು ಅವರ ಮಗ್ಫಿರತ್ ಮಾಡಲಿ.

ಸಾವಿನ ಮನೆಗೆ ಊಟ ಕಳುಹಿಸುವುದು ಸುನ್ನತ್. ಹಝ್ರತ್ ಜಅ್‌ಫರ್(ರ) ಹುತಾತ್ಮರಾದ ಸುದ್ದಿ ಬಂದಾಗ, ಅವರ ಮನೆಯವರಿಗಾಗಿ ಅಡುಗೆ ಮಾಡಿರೆಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಪಾಠ ಮಾಡಿದ್ದೇನೆ. ಚಾಚಾ ಹೋಗಿ ಮೂರು ವಾರವಾಗಿತ್ತು. ಮಕ್ಕಳೆಲ್ಲ ತಮ್ಮ ತಮ್ಮ ಊರಿಗೆ ಹಿಂತಿರುಗಿದ್ದರು. ನಾನು ಬಾಕ್ಸಿನಲ್ಲಿ ಅನ್ನ, ದಾಲ್ಚಾ ತೆಗೆದುಕೊಂಡು ಹೋದೆ. ಖಾಲಾ ಇದ್ದತ್‌ನಲ್ಲಿದ್ದರು. ಸ್ವಲ್ಪ ಹೊತ್ತು ಕುಳಿತೆ, ಅವರ ಜೊತೆ ಅತ್ತೆ. ಏಳುವಾಗ ಬಾಯಿ ಸುಮ್ಮನಿರಲಿಲ್ಲ.

"ಖಾಲಾ, ಇಷ್ಟು ದೊಡ್ಡ ಮನೇಲಿ ನೀವೊಬ್ಬರೇ ಹೇಗಿರ್ತೀರಿ? ಮುಂದೆ ಮನೆ ಬಗ್ಗೆ ಏನಾದ್ರೂ ಯೋಚನೆ ಮಾಡಿದ್ರೆ ಮೊದ್ಲು ನಮಗೆ ಹೇಳಿ."

ಅವರು ನನ್ನನ್ನೇ ನೋಡಿದರು. ಸಿಟ್ಟು ಮಾಡಲಿಲ್ಲ. "ಈ ಊಟ ನನಗೆ ತಂದದ್ದಾ ಬೇಟಿ, ಮನೆಗೆ ತಂದದ್ದಾ?" ಎಂದು ಕೇಳಿದರು.

ಮರುದಿನ ಪಕ್ಕದ ಮನೆಯ ಹುಡುಗನ ಕೈಯಲ್ಲಿ ಬಾಕ್ಸು ತೊಳೆದು ಬಂತು. ಖಾಲಿ ಬಾಕ್ಸು. ನಮ್ಮ ಕಡೆ ಖಾಲಿ ಪಾತ್ರೆ ಹಿಂದಿರುಗಿಸುವ ರೂಢಿಯಿಲ್ಲ. ಒಂದು ನಿಂಬೆಹಣ್ಣಾದರೂ ಹಾಕಿ ಕೊಡುತ್ತಾರೆ. ಅದರ ಅರ್ಥ ನನಗೆ ತಿಳಿಯಿತು.

ಗಂಡ ತೀರಿಕೊಂಡವಳ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಸೂರಃ ಅಲ್ ಬಕರಃದಲ್ಲಿ ಈ ಅವಧಿಯನ್ನು ಹೇಳಿದ ಬೆನ್ನಿಗೇ, ಅಂಥ ಸ್ತ್ರೀಗೆ ಮದುವೆಯ ಮಾತನ್ನು ನೇರವಾಗಿ ಎತ್ತಬಾರದು, ಗುಟ್ಟಾಗಿ ಒಪ್ಪಂದ ಮಾಡಿಕೊಳ್ಳಬಾರದು ಎಂಬ ಆದೇಶವಿದೆ. ಅದು ವಿವಾಹದ ಕುರಿತ ನಿಯಮವೇ ಹೊರತು ಮನೆ ಖರೀದಿಯದ್ದಲ್ಲ, ನಾನು ಫತ್ವಾ ಹೇಳುತ್ತಿಲ್ಲ. ಆದರೆ ದುಃಖದಲ್ಲಿರುವವಳ ಮುಂದೆ ನಮ್ಮ ಆಸೆಯ ಬುತ್ತಿಯನ್ನು ಬಿಚ್ಚಬಾರದು ಎಂಬ ಸೂಕ್ಷ್ಮ ಅದರಲ್ಲಿ ಇದೆಯಲ್ಲ? ಕಪ್ಪುಹಲಗೆಯ ಮುಂದೆ ನಿಂತು ಹೇಳುವಾಗ ಇದ್ದ ಆ ಸೂಕ್ಷ್ಮ ಜಗಲಿಯಲ್ಲಿ ಎಲ್ಲಿ ಹೋಗಿತ್ತು?

ಹಾಗಾದರೆ ಮಾರದ ಮನೆಯನ್ನು ಕೇಳುವುದೇ ತಪ್ಪೇ? ಅಲ್ಲ. ಮಸ್ಜಿದುನ್ನಬವಿಯ ನೆಲವನ್ನೇ ನೋಡಿ. ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದಾಗ ಒಂಟೆ ಮಂಡಿಯೂರಿದ ಆ ಜಾಗ ಖರ್ಜೂರ ಒಣಗಿಸುವ ಕಣವಾಗಿತ್ತು. ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಹುಡುಗರದ್ದು. ಅವರೇನೂ ಅದನ್ನು ಮಾರಾಟಕ್ಕೆ ಇಟ್ಟಿರಲಿಲ್ಲ. ಪ್ರವಾದಿವರ್ಯರು(ಸ) ಅವರನ್ನು ಕರೆಸಿ ಬೆಲೆ ಕೇಳಿದರು. ಹುಡುಗರು ಉಚಿತವಾಗಿಯೇ ಕೊಡುತ್ತೇವೆ ಎಂದರು. ಆದರೆ ಹಾಗೆ ಪಡೆಯಲು ಒಪ್ಪದೆ ಖರೀದಿಸಿಯೇ ಪಡೆದರೆಂದು ಬುಖಾರಿಯ ವರದಿಯಲ್ಲಿದೆ. ಇಡೀ ಊರೇ ಪ್ರೀತಿಯಿಂದ ಬರಮಾಡಿಕೊಂಡ ಅತಿಥಿ, ಮಸೀದಿಗಾಗಿ ಬೇಕಾದ ಜಾಗ, ಕೊಡಲು ಸಿದ್ಧರಿರುವ ಮಾಲೀಕರು. ಆದರೂ ಅನಾಥರ ಸೊತ್ತಿಗೆ ಬೆಲೆ ಕಟ್ಟಲಾಯಿತು.

ಕೇಳುವ ರೀತಿಗೆ ಸೂರಃ ಅನ್ನೂರ್‌ನ 27 ಮತ್ತು 28ನೇ ಸೂಕ್ತಗಳು ಸಾಕು. ಇನ್ನೊಬ್ಬರ ಮನೆಯನ್ನು ಸಲಾಮ್ ಹೇಳಿ, ಅನುಮತಿ ಪಡೆದು ಪ್ರವೇಶಿಸಬೇಕು. ಹಿಂತಿರುಗಿ ಎಂದರೆ ಹಿಂತಿರುಗಬೇಕು, ಅದೇ ಹೆಚ್ಚು ಪರಿಶುದ್ಧ. ಒಳಗೆ ಕಾಲಿಡಲೇ ಇಷ್ಟು ಮರ್ಯಾದೆ ಬೇಕಾದರೆ, ಆ ಮನೆಯನ್ನೇ ಕೊಡಿ ಎಂದು ಕೇಳುವವರಿಗೆ ಎಷ್ಟು ಬೇಕು! ಒಮ್ಮೆ "ಇಲ್ಲ" ಎಂದ ಮೇಲೆ ಅವರ ಅಳಿಯನ ಮೂಲಕ, ಮಸೀದಿ ಕಮಿಟಿಯವರ ಮೂಲಕ, ಬ್ರೋಕರನ ಮೂಲಕ ಮತ್ತೆ ಮತ್ತೆ ಹೇಳಿ ಕಳುಹಿಸುವುದು ಕೇಳುವುದಲ್ಲ, ಕಾಡುವುದು.

ಖಾಲಾರ ಮನೆಗೆ ಬ್ರೋಕರುಗಳೂ ಬಂದರು. ಒಬ್ಬ "ರಸ್ತೆ ಅಗಲ ಮಾಡ್ತಾರೆ, ಅರ್ಧ ಮನೆ ಹೋಗುತ್ತೆ, ಈಗಲೇ ಕೊಟ್ಟುಬಿಡಿ" ಎಂದು ಹೆದರಿಸಿ ಹೋದ. ಖಾಲಾ ಎರಡು ರಾತ್ರಿ ನಿದ್ದೆ ಮಾಡಲಿಲ್ಲವಂತೆ. ಆ ರಸ್ತೆ ಇವತ್ತಿಗೂ ಹಾಗೆಯೇ ಇದೆ.

ಇದ್ದತ್ ಮುಗಿದ ಮೇಲೆ ನಾನು ಹೋಗಿ ಕ್ಷಮೆ ಕೇಳಿದೆ. ಮನೆಯ ಮಾತೆತ್ತಲಿಲ್ಲ. ಅವರು "ಆಯ್ತು ಬಿಡು" ಎಂದರು. ಚಹಾ ಕೊಟ್ಟರು. ಮನಸ್ಸು ಪೂರ್ತಿ ತಿಳಿಯಾಗಲು ಇನ್ನೊಂದು ವರ್ಷವಾದರೂ ಬೇಕಾಯಿತು.

ಆಮೇಲೆ 2020ರ ಕೊನೆಯಲ್ಲಿ ಖಾಲಾರ ಹಿರಿಯ ಮಗನೇ ನಮ್ಮವರಿಗೆ ಫೋನ್ ಮಾಡಿದರು. ಲಾಕ್‌ಡೌನ್‌ನಲ್ಲಿ ಅವರ ವ್ಯಾಪಾರ ಕೆಟ್ಟಿತ್ತು. "ಮೊದಲು ಕೇಳಿದವರು ನೀವು, ನಿಮಗೇ ಕೊಡ್ತೀವಿ. ಅಮ್ಮಿ ನನ್ನ ಜೊತೆ ಇರ್ತಾರೆ" ಎಂದರು. ಹೇಳಿದ ಬೆಲೆ ನಮ್ಮ ಬೀದಿಯ ಬೆಲೆಗಿಂತ ಸುಮಾರು 4 ಲಕ್ಷ ಕಡಿಮೆ. ನಮ್ಮವರ ಮುಖ ಹಬ್ಬದ ಚಂದ್ರನನ್ನು ಕಂಡ ಹಾಗಾಯಿತು. ನಾನೂ ಮನಸ್ಸಿನಲ್ಲೇ ಅತ್ತೆಯ ಮಂಚವನ್ನು ಆ ಜಗಲಿಯ ಪಕ್ಕದ ಕೋಣೆಗೆ ಸಾಗಿಸಿಬಿಟ್ಟೆ.

ಕೊನೆಯಲ್ಲಿ ಅವರು ಒಂದು ಮಾತು ಸೇರಿಸಿದರು. "ಅಮ್ಮಿ, ನಾನು, ತಮ್ಮ ಮೂವರೂ ಸೈನ್ ಹಾಕ್ತೀವಿ. ತಂಗಿದೇನೂ ಇಲ್ಲ, ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ."

ಮನೆ ಚಾಚಾರ ಹೆಸರಿನಲ್ಲಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫರಾಯಿಝ್ ಪಾಠದ ಲೆಕ್ಕ ಕಣ್ಣೆದುರು ಬಂತು. ಮಕ್ಕಳಿರುವಾಗ ಪತ್ನಿಗೆ ಎಂಟನೇ ಒಂದು. ಉಳಿದದ್ದರಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದು. ಸಾಲ, ವಸಿಯ್ಯತ್ ಏನೂ ಇಲ್ಲದಿದ್ದರೆ ಆ ಮನೆಯನ್ನು 40 ಪಾಲು ಮಾಡಬೇಕು. ಖಾಲಾರಿಗೆ 5, ಗಂಡು ಮಕ್ಕಳಿಗೆ ತಲಾ 14, ಮಗಳಿಗೆ 7. ಮದುವೆಯಲ್ಲಿ ತಂದೆ ಕೊಟ್ಟ ಒಡವೆ ಕೊಡುಗೆಯೇ ಹೊರತು ವಾರಸು ಪಾಲಲ್ಲ. ವಾರಸು ಹಕ್ಕು ಹುಟ್ಟುವುದೇ ಮರಣದ ನಂತರ. ಬದುಕಿರುವಾಗ ಕೊಟ್ಟದ್ದನ್ನು ಅದರಿಂದ ಕಳೆಯುವಂತಿಲ್ಲ. ಸೂರಃ ಅನ್ನಿಸಾದಲ್ಲಿ ಪಾಲುಗಳನ್ನು ಹೇಳಿ ಮುಗಿಸಿದ ಮೇಲೆ ಇವು ಅಲ್ಲಾಹನ ಮೇರೆಗಳೆಂದೂ, ಮೀರುವವರಿಗೆ ನರಕವೆಂದೂ ಎಚ್ಚರಿಸಲಾಗಿದೆ. ನಮ್ಮ ಎಷ್ಟು ಮನೆಗಳಲ್ಲಿ ತಹಜ್ಜುದ್ ತಪ್ಪಿಸದ ಅಣ್ಣಂದಿರು ತಂಗಿಯ ಪಾಲಿನ ಮೇಲೆ ಹಾಯಾಗಿ ಮಲಗಿದ್ದಾರೆ! ಆ 4 ಲಕ್ಷದ ಅಗ್ಗ ಎಲ್ಲಿಂದ ಬಂತೆಂದು ಈಗ ತಿಳಿಯಿತು.

ನಮ್ಮವರು "ಅದು ಅವರವರ ವಿಷಯ, ಗುನಾಹ್ ಇದ್ದರೆ ಮಾರಿದವರಿಗೆ" ಎಂದರು. ನಾನು "ತಿಳಿದೂ ಕೊಂಡವರಿಗಿಲ್ಲವೇ?" ಎಂದೆ. ಸ್ವಲ್ಪ ಜಗಳವೂ ಆಯಿತು. ಮರುದಿನ ವಕೀಲರ ಹತ್ತಿರ ಹೋದಾಗ ಅವರ ಮಾತೂ ಅದೇ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಒಬ್ಬ ವಾರಸುದಾರ ಇನ್ನೊಬ್ಬರ ಪಾಲನ್ನು ಮಾರಲಾರ. ಮಗಳ ಸಹಿಯಿಲ್ಲದೆ ಬರೆದ ಕ್ರಯಪತ್ರ ಅವಳ ಪಾಲನ್ನು ಮುಟ್ಟುವುದಿಲ್ಲ, ನಾಳೆ ಅವಳು ವಿಭಾಗ ದಾವೆ ಹೂಡಿದರೆ ಕೊಂಡವರು ಕೋರ್ಟಿಗೆ ಅಲೆಯಬೇಕು. ಅವಳು ಸ್ವಂತ ಇಚ್ಛೆಯಿಂದ ಬಿಡುವುದಾದರೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಬೇಕು. ವಾರಸುದಾರರಲ್ಲಿ ಚಿಕ್ಕ ಮಕ್ಕಳಿದ್ದರಂತೂ ಇನ್ನೂ ಜಾಗ್ರತೆ ಬೇಕು. ನಮ್ಮ ಕಾನೂನಿನಲ್ಲಿ ತಾಯಿ ತಾನಾಗಿಯೇ ಮಕ್ಕಳ ಆಸ್ತಿಯ ಪಾಲಕಿಯಾಗುವುದಿಲ್ಲ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಂತೆ ಜಿಲ್ಲಾ ನ್ಯಾಯಾಲಯದ ಅನುಮತಿಯಿಲ್ಲದೆ ಅವಳು ಮಾರಿದರೆ ಮಕ್ಕಳ ಪಾಲಿನ ಮಟ್ಟಿಗೆ ಅದು ನಿಲ್ಲುವುದಿಲ್ಲ.

ತಂಗಿಯೂ ಬಂದು ಕುಳಿತರೆ ಮಾತ್ರ ಮಾತು, ಬೆಲೆಯೂ ಬೀದಿಯ ಬೆಲೆಯೇ ಇರಲಿ ಎಂದು ಹೇಳಿ ಕಳುಹಿಸಿದೆವು. ಬೆಲೆಯ ವಿಷಯದಲ್ಲಿ ನನಗೆ ಹಝ್ರತ್ ಜರೀರ್ ಬಿನ್ ಅಬ್ದುಲ್ಲಾ(ರ)ರ ಕಥೆ ನೆನಪಿತ್ತು. ಅವರಿಗಾಗಿ ಸೇವಕ 300ಕ್ಕೆ ಒಂದು ಕುದುರೆ ಕೊಂಡು ತಂದ. ಅವರು ಕುದುರೆಯ ಒಡೆಯನ ಬಳಿ ಹೋಗಿ, ನಿನ್ನ ಕುದುರೆ ಇದಕ್ಕಿಂತ ಹೆಚ್ಚು ಬಾಳುತ್ತದೆ ಎನ್ನುತ್ತಾ ತಾವೇ ಏರಿಸಿ ಏರಿಸಿ 800 ದಿರ್ಹಮ್ ಕೊಟ್ಟರು. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದು ಪ್ರವಾದಿವರ್ಯರಿಗೆ(ಸ) ಮಾತು ಕೊಟ್ಟಿದ್ದರಂತೆ. ನಮಗೆ ಅಷ್ಟು ಈಮಾನ್ ಇಲ್ಲ. ನಮ್ಮವರು ಆ 4 ಲಕ್ಷವನ್ನು ನೆನೆದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹಿರಿಯ ಮಗನಿಗೆ ಸಿಟ್ಟು ಬಂತು. "ನಮ್ಮ ಮನೆಯ ಹೆಣ್ಣಿನ ವಿಷಯ ಮಾತಾಡೋಕೆ ನೀವ್ಯಾರು?" ಎಂದು ಫೋನಿಟ್ಟರು. ಆರು ತಿಂಗಳು ಮಾತಿಲ್ಲ. ವಿಷಯ ಹೇಗೋ ಖಾಲಾರ ಕಿವಿಗೆ ಬಿತ್ತು, ಅವರು ಮಗಳನ್ನು ಕರೆಸಿಕೊಂಡರು. ಅವಳು ನಮ್ಮ ಮನೆಗೂ ಬಂದಳು. "ಬಾಜಿ, ನನ್ನ ಪಾಲು ಉಂಟು ಅಂತ ನನಗೆ ಗೊತ್ತಿತ್ತು. ಕೇಳಿದ್ರೆ ತವರಿನ ಬಾಗಿಲು ಮುಚ್ಚುತ್ತೆ ಅಂತ ಸುಮ್ಮನಿದ್ದೆ" ಎಂದಳು. ಆಮೇಲೆ, ಅಮ್ಮಿ ಬದುಕಿರುವವರೆಗೆ ಮಾರಲು ತಾನು ಸಹಿ ಹಾಕುವುದಿಲ್ಲ ಎಂದೂ ಹೇಳಿದಳು.

ಹೀಗೆ ಮನೆ ನಮಗೆ ಸಿಗಲಿಲ್ಲ. ನಮ್ಮವರು ಆಗಾಗ ನನ್ನನ್ನು ಕೆಣಕುತ್ತಾರೆ. ನಾವು ಇದ್ದ ಮನೆಯ ಮೇಲೆಯೇ ಒಂದು ಕೋಣೆ ಎತ್ತಿದೆವು. ಅತ್ತೆಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಹಾಗಾಗಿ ಮಕ್ಕಳು ಮೇಲೆ, ಅವರು ಕೆಳಗೆ. ಖಾಲಾ ಮಾತ್ರ ಅದೇ ಬೇಸಿಗೆಯಲ್ಲಿ ಹಿಂದಿನ ಕಾಂಪೌಂಡಿನಲ್ಲಿ ಒಂದು ಸಣ್ಣ ಗೇಟು ಇಡಿಸಿ, ಬಾವಿಯ ನೀರು ಸೇದಿಕೊಳ್ಳಿ ಎಂದರು. ಹಲಸು ಬಿಟ್ಟಾಗ ಈಗ ನಮ್ಮ ಪಾತ್ರೆ ಖಾಲಿ ಬರುವುದಿಲ್ಲ.

ನೆರೆಯವರಿಗೆ ಹಕ್ಕಿಲ್ಲವೇ ಎಂದು ಆ ಸಹೋದರಿ ಕೇಳಿದ್ದಾರೆ. ಇದೆ. ಅದಕ್ಕೆ ಶುಫ್‌ಅಃ ಎನ್ನುತ್ತಾರೆ. ಹನಫೀ ಮದ್‌ಹಬ್‌ನಲ್ಲಿ ಪಕ್ಕದ ಮನೆಯವರಿಗೂ ಅದು ಸಲ್ಲುತ್ತದೆ, ಕರಾವಳಿಯ ಶಾಫಿಈ ಸಹೋದರಿಯರಿಗೆ ಆಸ್ತಿಯಲ್ಲಿ ಪಾಲುದಾರರಿಗೆ ಮಾತ್ರ. ಹಝ್ರತ್ ಅಬೂರಾಫಿಅ್(ರ) ತಮ್ಮ ಎರಡು ಕೋಣೆಗಳನ್ನು ಕೊಳ್ಳುವಂತೆ ನೆರೆಯವರಾದ ಹಝ್ರತ್ ಸಅದ್(ರ)ರನ್ನು ಕೇಳಿದಾಗ ಅವರು 4,000 ದಿರ್ಹಮ್‌ಗಿಂತ ಹೆಚ್ಚು ಕೊಡಲಾರೆ, ಅದೂ ಕಂತಿನಲ್ಲಿ ಎಂದರು. ಬೇರೆಯವರು 500 ದೀನಾರ್ ಕೊಡಲು ಸಿದ್ಧರಿದ್ದರೂ, ನೆರೆಯವನಿಗೆ ಹೆಚ್ಚಿನ ಹಕ್ಕಿದೆ ಎಂಬ ಪ್ರವಾದಿ ವಚನವನ್ನು ನೆನೆದು ಅಬೂರಾಫಿಅ್(ರ) ಅವರಿಗೇ ಕೊಟ್ಟರು. ಆದರೆ ಗಮನಿಸಿ, ಮಾತು ಎತ್ತಿದ್ದು ಮಾರುವವರು. ಮಾರಲು ಮನಸ್ಸೇ ಇಲ್ಲದವರ ಮೇಲೆ ಶುಫ್‌ಅಃದ ಹೆಸರಿನಲ್ಲಿ ಒತ್ತಡ ಹಾಕುವಂತಿಲ್ಲ.

ಆದ್ದರಿಂದ ಸಹೋದರಿ, ಮೊದಲು ಆ ಮನೆ ಯಾರ ಹೆಸರಿನಲ್ಲಿದೆ ಎಂದು ತಿಳಿದುಕೊಳ್ಳಿ. ಪಂಚಾಯಿತಿ ಅಥವಾ ಪುರಸಭೆಯ ಖಾತೆ ನೋಡಿ, ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಗಲ್ಫ್‌ನಲ್ಲಿರುವವರು ಮಾಲೀಕರೋ, ಮಾಲೀಕರ ಮಕ್ಕಳಲ್ಲಿ ಒಬ್ಬರೋ ಎಂಬುದು ಅಲ್ಲಿ ಗೊತ್ತಾಗುತ್ತದೆ. ತಂದೆಯ ಹೆಸರಿನಲ್ಲಿದ್ದರೆ ಹೆಣ್ಣುಮಕ್ಕಳೆಷ್ಟು ಎಂದು ಕೇಳಿ. ಅವರು ಒಪ್ಪಿದ್ದೇ ಆದರೆ, ಅಲ್ಲಿಂದಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳುಹಿಸಬಹುದು. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ, 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಅದೆಲ್ಲ ಆಮೇಲಿನ ಮಾತು.

ಈಗ ಒಂದು ಪತ್ರ ಬರೆಯಿರಿ, ಇಲ್ಲವೇ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿ. ಸಲಾಮ್, ನೀವು ಯಾರು, ಎಷ್ಟು ವರ್ಷದಿಂದ ನೆರೆಯವರು ಎಂದು ತಿಳಿಸಿ. "ಎಂದಾದರೂ ಕೊಡುವ ಮನಸ್ಸಾದರೆ ನಮ್ಮನ್ನು ನೆನಪಿಸಿಕೊಳ್ಳಿ, ಇಲ್ಲವೆಂದರೂ ನಮಗೆ ಬೇಸರವಿಲ್ಲ" ಎಂದು ಒಂದೇ ಸಲ ಬರೆಯಿರಿ. ಆ ಮನೆಯ ಹೆಂಚು ಒಡೆದು ಅಡುಗೆಕೋಣೆಗೆ ಮಳೆನೀರು ಇಳಿಯುತ್ತಿದೆ ಎಂದು ನಿಮ್ಮ ಪತ್ರದಲ್ಲಿದೆಯಲ್ಲ, ಅದರ ಫೋಟೋ ಈ ವಾರವೇ ಕಳುಹಿಸಿಬಿಡಿ. ಮನೆಯ ಮಾತನ್ನು ಅದರ ಜೊತೆ ಸೇರಿಸಬೇಡಿ, ಅದಕ್ಕೆ ಬೇರೆ ದಿನ ಇರಲಿ.