ಬೇಥಾನ್ಯ ಫೋಟೋ ಹಾಕೋ ಮುಂಚೆ ಇದನ್ನ ಓದಿ

1/6
ಗರಿಗಳ ಭಾನುವಾರ ಹತ್ರ ಬಂತು ಅಂದ್ರೆ ಸಾಕು, ಫೀಡ್ ತುಂಬ ಒಂದೇ ಥರದ ಚಿತ್ರ. ಕಲ್ಲಿನ ಮನೆ, ಆಲಿವ್ ಮರ, ಒಂದು ಕತ್ತೆ, ಮೇಲೆ ಬಂಗಾರದ ಬೆಳಕು. ಕೆಳಗೆ ‘ಯೇಸು ಓಡಾಡಿದ ಬೇಥಾನ್ಯ, 2000 ವರ್ಷದಿಂದ ಹಾಗೇ ಇದೆ’ ಅಂತ ಒಂದು ಸಾಲು. ಹಾಗೇ ಇಲ್ಲ ಕಣ್ರೋ. ಹಾಗೇ ಇದೆ ಅನ್ನೋದ್ರಿಂದ ಅಲ್ಲಿರೋ ಜನಕ್ಕೆ ಅನ್ಯಾಯ ಆಗುತ್ತೆ. ಆರೂ ಭಾಗ ಓದಿ, ಆಮೇಲೆ ಜಗಳ ಆಡೋಣ.

2/6
ಬೇಥಾನ್ಯ ಇರೋದು ಜೆರೂಸಲೇಮಿನ ಪೂರ್ವಕ್ಕೆ, ಎಣ್ಣೆಮರಗಳ ಗುಡ್ಡದ ಆಚೆ ಇಳಿಜಾರಲ್ಲಿ. ಯೋಹಾನನ ಸುವಾರ್ತೆ ಪ್ರಕಾರ ದೂರ 15 ಸ್ಟೇಡಿಯ, ಅಂದ್ರೆ 3 ಕಿ.ಮೀ.ಗಿಂತ ಸ್ವಲ್ಪ ಕಮ್ಮಿ. ಮಾರ್ಥ, ಮರಿಯ, ಲಾಜರ ಇದ್ದ ಊರು. ಲಾಜರ ಸತ್ತಾಗ ಅಕ್ಕತಂಗಿಯರನ್ನ ಸಮಾಧಾನ ಮಾಡೋಕೆ ಬಹಳ ಜನ ಯಹೂದ್ಯರು ಬಂದಿದ್ರು. ಜೆರೂಸಲೇಮ್ ಅಷ್ಟು ಹತ್ರ ಇತ್ತು ಅಂತ ಸುವಾರ್ತೆಯೇ ಹೇಳುತ್ತೆ. ಶಿಲುಬೆಗೆ ಮುಂಚಿನ ವಾರದಲ್ಲಿ ಯೇಸು ದೇವಾಲಯದಿಂದ ಹೊರಟು ರಾತ್ರಿ ತಂಗಿದ್ದೂ ಇಲ್ಲೇ. ಸಾವಿನ ಮನೆಗೆ ಬರೋರು, ಊಟಕ್ಕೆ ಬರೋರು, ಮಲಗೋಕೆ ಬರೋರು. ಈ ಊರಿನ ಕಥೆಯೆಲ್ಲ ಆ ದಾರಿ ಮೇಲೇ ನಡೆಯೋದು. ದಾರಿ ಅನ್ನೋದನ್ನ ನೆನಪಿಟ್ಕೊಳ್ಳಿ.

3/6
ಆಮೇಲೆ ಇತಿಹಾಸ ಅಲ್ಲೇ ನಿಲ್ಲಲಿಲ್ಲ. 4ನೇ ಶತಮಾನದ ಕೊನೆಗೆ ಎಜೀರಿಯಾ ಅನ್ನೋ ಯಾತ್ರಿ ಹೆಣ್ಣುಮಗಳು ಬರೀತಾಳೆ: ಗರಿಗಳ ಭಾನುವಾರದ ಹಿಂದಿನ ದಿನ ಲಾಜರನ ಜಾಗಕ್ಕೆ ಎಷ್ಟು ಜನ ಸೇರ್ತಿದ್ರು ಅಂದ್ರೆ, ಸುತ್ತಲಿನ ಹೊಲಗಳೂ ತುಂಬಿಹೋಗ್ತಿದ್ವಂತೆ. 12ನೇ ಶತಮಾನದಲ್ಲಿ ರಾಣಿ ಮೆಲಿಸೆಂಡ್ ಅಲ್ಲಿ ಸನ್ಯಾಸಿನಿಯರ ಮಠ ಕಟ್ಟಿಸಿದಳು; ಅವಳ ತಂಗಿಯೇ ಅಲ್ಲಿ ಮಠಾಧಿಕಾರಿಣಿ ಆದಳು. 16ನೇ ಶತಮಾನದಲ್ಲಿ ಸಮಾಧಿಗೆ ಅಂಟಿಕೊಂಡು ಅಲ್-ಉಝೈರ್ ಮಸೀದಿ ಬಂತು. ಅದೇ ಶತಮಾನದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಸಮಾಧಿಗೆ ಬೇರೆ ಬಾಗಿಲು ಕೊರೆಸಿದ್ರು. ಇವತ್ತಿಗೂ ಯಾತ್ರಿಗಳು ಇಳಿಯೋದು ಅದೇ ಬಾಗಿಲಿಂದ. ಪಕ್ಕದಲ್ಲಿರೋ ಚರ್ಚು 1950ರ ದಶಕದ್ದು, ವಾಸ್ತುಶಿಲ್ಪಿ ಅಂತೋನಿಯೊ ಬಾರ್ಲುಜ್ಜಿ. ಹೇಳಿ, ಇದರಲ್ಲಿ ‘ಹಾಗೇ’ ಇರೋದು ಯಾವುದು?

4/6
ಹಾಗೇ ಉಳಿದಿರೋದು ಹೆಸರು. ಊರಿನ ಈಗಿನ ಹೆಸರು ಅಲ್-ಐಝರಿಯಾ. ಗ್ರೀಕಿನ ‘ಲಾಜರಿಯೊನ್’, ಅಂದ್ರೆ ಲಾಜರನ ಜಾಗ, ಅರಬ್ಬಿ ಬಾಯಲ್ಲಿ ಹೀಗಾಯ್ತು. ಈಗ ಅಲ್ಲಿರೋ ಹೆಚ್ಚಿನವರು ಮುಸ್ಲಿಂ ಪ್ಯಾಲೆಸ್ತೀನಿಯರು. ನೀವು ವರ್ಷಕ್ಕೊಂದು ಸಲ ಲಾಜರನನ್ನ ನೆನೆಸ್ಕೋತೀರ. ಅವರು ಬಸ್ ಹತ್ತುವಾಗ, ವಿಳಾಸ ಬರೆಯುವಾಗ ದಿನಾ ಅವನ ಹೆಸರು ಹೇಳ್ತಾರೆ. ಆದ್ರೆ ನಿಮ್ಮ ಫೋಟೋದಲ್ಲಿ ಕತ್ತೆಗೆ ಜಾಗ ಇದೆ, ಅವರಿಗಿಲ್ಲ.

5/6
ಈಗ ಆ ದಾರಿ ವಿಷಯ. ಇಸ್ರೇಲ್ 2002ರಿಂದ ಕಟ್ಟೋಕೆ ಶುರು ಮಾಡಿದ ತಡೆಗೋಡೆ ಬೇಥಾನ್ಯಕ್ಕೂ ಜೆರೂಸಲೇಮಿಗೂ ಮಧ್ಯೆ ಹಾದುಹೋಗುತ್ತೆ. ಸುಮಾರು 8 ಮೀಟರ್ ಎತ್ತರದ ಕಾಂಕ್ರೀಟು. ಹಳೇ ನೇರ ದಾರಿ ಮುಚ್ಚಿಹೋಗಿದೆ. ಮಾಲೆ ಅದುಮಿಮ್ ಕಡೆಯಿಂದ ಸುತ್ತು ಹೊಡೀಬೇಕು. ಪಶ್ಚಿಮ ದಂಡೆಯ ಗುರುತಿನ ಚೀಟಿ ಇರೋರಿಗೆ ಜೆರೂಸಲೇಮಿಗೆ ಹೋಗೋಕೆ ಪರ್ಮಿಟ್ ಬೇಕು. ಗರಿಗಳ ಭಾನುವಾರದ ಮೆರವಣಿಗೆ ಹೊರಡೋದು ಗೋಡೆಯ ಜೆರೂಸಲೇಮ್ ಬದಿಯ ಬೇತ್ಫಗೆಯಿಂದ. ಅಂದ್ರೆ ಯೇಸು ನಡೆದ ದಾರೀನ ಯೇಸುವಿಗೆ ಹಾಸಿಗೆ ಕೊಟ್ಟ ಊರಿನವರೇ ನಡೆಯೋ ಹಾಗಿಲ್ಲ.

6/6
‘ಭಕ್ತಿಯಲ್ಲಿ ರಾಜಕೀಯ ಯಾಕೆ?’ ಅಂತೀರ. ಗೋಡೆ ತಂದಿದ್ದು ನಾನಲ್ಲ, ಅದು ಅಲ್ಲೇ ಇದೆ. ನೀವು ಅದನ್ನ ಕ್ರಾಪ್ ಮಾಡಿದ್ರೆ ಅದೂ ರಾಜಕೀಯವೇ. ‘ಅದು ಭದ್ರತೆಗೆ’ ಅಂತಾನೂ ಬರುತ್ತೆ. ಆತ್ಮಹತ್ಯಾ ಬಾಂಬ್ ದಾಳಿಗಳಲ್ಲಿ ಇಸ್ರೇಲಿನ ಅಮಾಯಕರು ಸತ್ತಿದ್ದು ನಿಜ, ಆ ನೋವು ಸಣ್ಣದಲ್ಲ. ಹಾಗಂತ ಪಶ್ಚಿಮ ದಂಡೆಯೊಳಗೆ ಕಟ್ಟಿದ ಗೋಡೆ ಅಂತಾರಾಷ್ಟ್ರೀಯ ಕಾನೂನಿಗೆ ವಿರುದ್ಧ ಅಂತ ಅಂತಾರಾಷ್ಟ್ರೀಯ ನ್ಯಾಯಾಲಯ 2004ರಲ್ಲೇ ಅಭಿಪ್ರಾಯ ಕೊಟ್ಟಿದ್ದೂ ನಿಜ. ಇನ್ನೊಂದು ಮಾತು: ಈ ಪೋಸ್ಟ್ ಹಿಡ್ಕೊಂಡು ಯಹೂದ್ಯರನ್ನ ಬೈಯೋಕೆ ಬಂದ್ರೆ ಬ್ಲಾಕ್ ಮಾಡ್ತೀನಿ. ಮಾರ್ಥ, ಮರಿಯ, ಲಾಜರ, ಯೇಸು, ಎಲ್ರೂ ಯಹೂದ್ಯರೇ.

ಈ ಊರಿನ ಹೆಸರು ನಮಗೆ ದೂರದ್ದೂ ಅಲ್ಲ. 1921ರಲ್ಲಿ ಮಂಗಳೂರಲ್ಲಿ ಶುರುವಾದ ಬೆಥನಿ ಸಿಸ್ಟರ್ಸ್ ಸಂಸ್ಥೆ ಇಟ್ಕೊಂಡಿದ್ದು ಇದೇ ಹೆಸರು. ನಮ್ಮಲ್ಲಿ ಎಷ್ಟೋ ಜನ ಓದಿರೋದು ಅವರ ಶಾಲೆಗಳಲ್ಲೇ.

ಅದಕ್ಕೇ ಕೇಳ್ತಿರೋದು ಇಷ್ಟೇ. ಫೋಟೋ ಹಾಕಿ, ಖಂಡಿತ ಹಾಕಿ. ಆದ್ರೆ ಇವತ್ತಿನ ಫೋಟೋ ಹಾಕಿ: ಅಂಗಡಿ, ಟ್ರಾಫಿಕ್, ಶಾಲೆ ಮಕ್ಕಳು, ಗೋಡೆ ಎಲ್ಲ ಇರೋದು. ಬೇಥಾನ್ಯ ಅಂತ ಬರೆದ ಮೇಲೆ ಪಕ್ಕದಲ್ಲಿ ಅಲ್-ಐಝರಿಯಾ ಅಂತಾನೂ ಬರೀರಿ. ಸತ್ತವನು ಎದ್ದು ಬಂದ ಅಂತ ನಂಬೋ ಊರನ್ನ, ಬದುಕಿರೋ ಜನರನ್ನ ತೆಗೆದುಹಾಕಿ ತೋರಿಸಬೇಡಿ.